ಹಿಮಾಲಯದ ಹಾದಿಯಲ್ಲಿ ತಲೆನೋವನ್ನು ಮುಚ್ಚಿಡಬೇಡಿ

ಯುಗಾದಿ ಕಳೆದು ನಮ್ಮಲ್ಲಿ ಬಿಸಿಲು ಏರುವ ಹೊತ್ತಿಗೆ ಹಿಮಾಲಯದಲ್ಲಿ ವಸಂತ ಕಾಲಿಡುತ್ತದೆ. ಲಡಾಖಿನ ಹಳ್ಳಿಗಳಲ್ಲಿ ಏಪ್ರಿಕಾಟ್ ಮರಗಳು ಹೂ ಬಿಡುತ್ತವೆ. ಚಳಿಗಾಲದಲ್ಲಿ ಮುಚ್ಚಿದ್ದ ದಾರಿಗಳ ಹಿಮವನ್ನು ಗಡಿ ರಸ್ತೆ ಸಂಸ್ಥೆಯವರು ಸರಿಸುತ್ತಾರೆ. ಎರಡೂ ಬದಿಗೆ ಹಿಮದ ಗೋಡೆ, ನಡುವೆ ಕಪ್ಪು ರಸ್ತೆ. ಈ ನೋಟಕ್ಕೆ ಮನಸೋತು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಯುವಕ ಯುವತಿಯರು ಗುಂಪುಗೂಡಿ ಮನಾಲಿಯಿಂದ ಲೇಹ್‌ಗೆ ಮೋಟಾರ್ ಸೈಕಲ್ ಯಾತ್ರೆ ಹೊರಡುವುದು ಈಗ ಸಾಮಾನ್ಯವಾಗಿದೆ.

ಹೊರಡುವ ಮುನ್ನ ನೀವು ಬೈಕಿನ ಬ್ರೇಕು, ಚೈನು, ಟೈರುಗಳನ್ನು ಪರೀಕ್ಷಿಸುತ್ತೀರಿ. ಆದರೆ ಆ ಎತ್ತರಕ್ಕೆ ನಿಮ್ಮ ದೇಹ ಸಿದ್ಧವಾಗಿದೆಯೇ ಎಂದು ಯೋಚಿಸಿದ್ದೀರಾ? ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ನಿಮ್ಮ ಯಾತ್ರೆ ಶುರುವಾಗುವ ಮನಾಲಿಯೇ ಅದಕ್ಕಿಂತ ಎತ್ತರದಲ್ಲಿದೆ. ದಾರಿಯ ತುದಿಯಲ್ಲಿ ಬರುವ ತಂಗ್ಲಾಂಗ್ ಲಾ ಕಣಿವೆಮಾರ್ಗ 5,300 ಮೀಟರಿಗೂ ಮೇಲಿದೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಎಷ್ಟೇ ಪಳಗಿದವರಿಗೂ ಈ ಎತ್ತರ ಹೊಸದೇ.

ಎತ್ತರದಲ್ಲಿ ಏನಾಗುತ್ತದೆ?

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅಲ್ಲಿಯೂ ಅದು ಶೇಕಡಾ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಆದ್ದರಿಂದ ಒಂದೊಂದು ಉಸಿರಿನಲ್ಲಿ ಸಿಗುವ ಆಮ್ಲಜನಕ 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಸಮುದ್ರಮಟ್ಟದ ಸುಮಾರು ಮೂರನೆಯ ಎರಡು ಭಾಗ. ತಂಗ್ಲಾಂಗ್ ಲಾದಲ್ಲಿ ಹೆಚ್ಚುಕಡಿಮೆ ಅರ್ಧ. ಕಾರ್ಬುರೇಟರ್ ಇರುವ ಹಳೆಯ ಬೈಕುಗಳು ಅಲ್ಲಿ ಏದುಸಿರು ಬಿಡುವುದೂ ಇದೇ ಕಾರಣಕ್ಕೆ.

ಕೊರತೆಯನ್ನು ತುಂಬಿಕೊಳ್ಳಲು ದೇಹ ಮೊದಲು ಉಸಿರಾಟವನ್ನು ಹೆಚ್ಚಿಸುತ್ತದೆ. ಇದರಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತದಲ್ಲಿ ಕ್ಷಾರಗುಣ ಹೆಚ್ಚುತ್ತದೆ. ಅದನ್ನು ಸರಿದೂಗಿಸುವ ಕೆಲಸ ಮೂತ್ರಪಿಂಡಗಳದ್ದು. ಈ ಹೊಂದಾಣಿಕೆಗೆ ಕೆಲವು ದಿನಗಳು ಬೇಕು. ದುಡ್ಡು, ಧೈರ್ಯ, ವ್ಯಾಯಾಮ ಯಾವುದರಿಂದಲೂ ಆ ದಿನಗಳನ್ನು ಉಳಿಸಲಾಗದು. ದಿನವೂ ಹತ್ತು ಕಿಲೋಮೀಟರ್ ಓಡುವ ಗಟ್ಟಿಗನಿಗೂ ಎತ್ತರದ ಕಾಯಿಲೆ ಬರಬಹುದು. ಶಕ್ತಿಯಿದೆ ಎಂದು ಬೇಗ ಏರುವವರಿಗೆ ಅಪಾಯ ಹೆಚ್ಚು.

ನಮ್ಮ ದೇಶದ ಸೈನಿಕರು ಇದನ್ನು ಕಷ್ಟಪಟ್ಟು ಕಲಿತರು. 1962ರ ಯುದ್ಧದ ಕಾಲದಲ್ಲಿ ಬಯಲುಸೀಮೆಯಿಂದ ನೇರವಾಗಿ ಎತ್ತರದ ಗಡಿಗೆ ಹೋದ ಪಡೆಗಳಲ್ಲಿ ಹಲವರು ಈ ಕಾಯಿಲೆಗೆ ತುತ್ತಾದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಈ ವಿಷಯದ ಮುಖ್ಯ ಅಧ್ಯಯನಗಳಲ್ಲಿ ಒಂದು.

ಲಕ್ಷಣಗಳನ್ನು ಗುರುತಿಸಿ

ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ, ಆರರಿಂದ ಹನ್ನೆರಡು ಗಂಟೆಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ. ತಲೆನೋವು ಮುಖ್ಯ ಲಕ್ಷಣ. ಅದರೊಡನೆ ವಾಕರಿಕೆ, ಊಟ ಸೇರದಿರುವುದು, ಸುಸ್ತು, ತಲೆಸುತ್ತು ಇರಬಹುದು. ಎತ್ತರದಲ್ಲಿ ಹೀಗಾದರೆ, ಬೇರೆ ಕಾರಣ ಖಚಿತವಾಗುವವರೆಗೆ, ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು. ಬಿಸಿಲು, ಹೆಲ್ಮೆಟ್ಟಿನ ಬಿಗಿ, ನಿದ್ದೆಗೇಡು ಎಂದು ತಳ್ಳಿಹಾಕಬಾರದು.

ರಾತ್ರಿ ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು ಮತ್ತೆ ಜೋರಾಗಿ ಶುರುವಾಗುವುದುಂಟು. ಹಗಲಿನಲ್ಲಿ ಆರೋಗ್ಯವಾಗಿದ್ದರೆ ಅದಕ್ಕೆ ಹೆದರಬೇಕಿಲ್ಲ.

ಹೆದರಬೇಕಾದ ಸ್ಥಿತಿಗಳು ಎರಡು. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಕೆಮ್ಮು, ತುಟಿ ನೀಲಿಯಾಗುವುದು, ಕೊನೆಗೆ ನಸುಗೆಂಪು ನೊರೆಯ ಕಫ ಇದರ ಲಕ್ಷಣಗಳು. ತಲೆನೋವಿಲ್ಲದೆಯೂ ಇದು ಬರಬಹುದು. ಎರಡನೆಯ ರಾತ್ರಿಯಲ್ಲಿ ಹೆಚ್ಚು. ಇನ್ನೊಂದು, ಮೆದುಳಿನ ಊತ. ರೋಗಿ ತಡವರಿಸಿ ಮಾತನಾಡುತ್ತಾನೆ, ಗೊಂದಲಗೊಳ್ಳುತ್ತಾನೆ, ತೂರಾಡುತ್ತಾನೆ. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನಡೆಯಲು ಹೇಳಿ. ತೂರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಎರಡೂ ಸ್ಥಿತಿಗಳಲ್ಲಿ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು.

ಸರ್ಚುವಿನ ಇಕ್ಕಟ್ಟು

ಮನಾಲಿ-ಲೇಹ್ ರಸ್ತೆಯಲ್ಲಿ ಒಂದು ವಿಶೇಷ ಅಪಾಯವಿದೆ. ಎರಡು ದಿನದ ಪ್ರಯಾಣಕ್ಕೆ ನಡುವಿನ ತಂಗುದಾಣವಾಗಿ ಹಲವರು ಆರಿಸಿಕೊಳ್ಳುವ ಸರ್ಚು ಸುಮಾರು 4,290 ಮೀಟರ್ ಎತ್ತರದಲ್ಲಿದೆ. ಇದು ಲೇಹ್‌ಗಿಂತಲೂ ಎತ್ತರ! ಹಿಂದಿನ ರಾತ್ರಿ 2,050 ಮೀಟರಿನ ಮನಾಲಿಯಲ್ಲಿ ಮಲಗಿದವರು ಮರುರಾತ್ರಿ ಅಷ್ಟು ಮೇಲೆ ಮಲಗಿದರೆ ದೇಹಕ್ಕೆ ಹೊಂದಿಕೊಳ್ಳಲು ಅವಕಾಶವೆಲ್ಲಿ? ಅಲ್ಲಿ ಕಾಯಿಲೆ ಬಿದ್ದವರು ಹಿಂದಕ್ಕೆ ಹೋಗಲು ಬಾರಾಲಾಚ ಲಾ ಏರಬೇಕು. ಮುಂದಕ್ಕೆ ಹೋಗಲು ಲಾಚುಂಗ್ ಲಾ, ತಂಗ್ಲಾಂಗ್ ಲಾಗಳನ್ನು ಏರಬೇಕು. ಇಳಿಯುವುದಕ್ಕೂ ಮೊದಲು ಏರಲೇಬೇಕಾದ ಜಾಗವದು.

2020ರ ಅಕ್ಟೋಬರಿನಲ್ಲಿ ತೆರೆದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದ ರೋಹ್ತಾಂಗ್ ಏರುವ ಶ್ರಮ ತಪ್ಪಿದೆ. ಹಾಗಾಗಿ ಮೊದಲ ದಿನವೇ ಸರ್ಚು ಮುಟ್ಟುವ ಆಸೆ ಹುಟ್ಟುತ್ತದೆ. ಸುರಂಗ ಉಳಿಸಿಕೊಡುವುದು ರಸ್ತೆಯ ಸಮಯವನ್ನು ಮಾತ್ರ. ಮೂತ್ರಪಿಂಡಗಳಿಗೆ ಬೇಕಾದ ಸಮಯ ಮೊದಲಿನಷ್ಟೇ.

ಯೋಜನೆ ಹೇಗಿರಬೇಕು?

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬುದು ವೈದ್ಯರ ನಿಯಮ. ಹಗಲು ಎತ್ತರ ಏರಿ ರಾತ್ರಿ ಇಳಿದು ಮಲಗಿದರೆ ತೊಂದರೆ ಕಡಿಮೆ.

ಇದಕ್ಕೆ ಶ್ರೀನಗರದ ದಾರಿ ಹೆಚ್ಚು ಅನುಕೂಲ. ಜೋಜಿ ಲಾ ದಾಟಿ ಸುಮಾರು 2,700 ಮೀಟರಿನ ಕಾರ್ಗಿಲ್‌ನಲ್ಲಿ ಎರಡು ರಾತ್ರಿ ತಂಗಿ ಲೇಹ್ ಸೇರಿ. ಅಲ್ಲಿ ಎರಡು ದಿನ ಬೈಕನ್ನು ಮುಟ್ಟದೆ ವಿಶ್ರಮಿಸಿ. ಖರ್ದುಂಗ್ ಲಾ, ಪಾಂಗಾಂಗ್ ಸರೋವರ ಆಮೇಲೆ. ಮನಾಲಿಯ ದಾರಿಯನ್ನು ಮರಳುವಾಗ ಹಿಡಿಯಿರಿ. ಅಷ್ಟರಲ್ಲಿ ದೇಹ ಒಗ್ಗಿರುತ್ತದೆ. ಮನಾಲಿಯಿಂದಲೇ ಹೊರಡುವುದಾದರೆ ಸುಮಾರು 3,200 ಮೀಟರಿನ ಜಿಸ್ಪಾದಲ್ಲಿ ಕನಿಷ್ಠ ಎರಡು ರಾತ್ರಿ ಕಳೆಯಿರಿ. ಅನಂತರವೂ ಸರ್ಚುವಿಗೆ ಒಮ್ಮೆಲೇ ಸಾವಿರ ಮೀಟರ್ ಏರಬೇಕಾಗುವುದರಿಂದ ಅಪಾಯ ಪೂರ್ತಿ ತಪ್ಪದು. ವಿಮಾನದಲ್ಲಿ ಲೇಹ್‌ಗೆ ಇಳಿದು ಬೈಕು ಬಾಡಿಗೆಗೆ ಪಡೆಯುವವರಿಗೂ ಎರಡು ದಿನದ ವಿಶ್ರಾಂತಿ ಕಡ್ಡಾಯ.

ಅಸೆಟಜೋಲಮೈಡ್ ಎಂಬ ಮಾತ್ರೆ ಮೂತ್ರಪಿಂಡಗಳ ಹೊಂದಾಣಿಕೆಯನ್ನು ಚುರುಕುಗೊಳಿಸುತ್ತದೆ. ಏರುವ ಹಿಂದಿನ ದಿನದಿಂದ ಇದನ್ನು ತೆಗೆದುಕೊಳ್ಳುವ ಕ್ರಮವಿದೆ. ಬೆರಳು ಜುಮುಜುಮು ಎನ್ನಬಹುದು, ಮೂತ್ರ ಹೆಚ್ಚಾಗಬಹುದು. ಸಲ್ಫಾ ಔಷಧ ಒಗ್ಗದವರು, ಮೂತ್ರಪಿಂಡದ ತೊಂದರೆಯವರು ಎಚ್ಚರ ವಹಿಸಬೇಕು. ನಿಮ್ಮ ವೈದ್ಯರನ್ನು ಕೇಳದೆ ನುಂಗಬೇಡಿ. ಹೃದ್ರೋಗ, ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ ಇರುವವರು, ಗರ್ಭಿಣಿಯರು ಮೊದಲೇ ವೈದ್ಯರ ಸಲಹೆ ಪಡೆಯಲೇಬೇಕು.

ಕರ್ಪೂರ ಮೂಸಿದರೆ ಗಾಳಿಯಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ. ಅಂಗಡಿಯ ಸಣ್ಣ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷ ಬರುತ್ತದೆ, ಅದು ಚಿಕಿತ್ಸೆಯಲ್ಲ. ಮದ್ಯ, ನಿದ್ದೆಮಾತ್ರೆ ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ, ಬೇಡ.

ಚಳಿ, ಬಿಸಿಲು, ಹೊಗೆ

ಸೊನ್ನೆ ಡಿಗ್ರಿ ಚಳಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನ ಬರಿಮೈಗೆ ತಾಗುವ ಚಳಿ ಮೈನಸ್ ಎಂಟು ಡಿಗ್ರಿಯಷ್ಟಾಗುತ್ತದೆ. ಕೈ ಮರಗಟ್ಟಿದರೆ ಬ್ರೇಕು ಹಿಡಿಯಲಾಗದು. ವಸಂತದಲ್ಲಿ ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ರಸ್ತೆಗೆ ಅಡ್ಡಲಾಗಿ ಹರಿಯುವ ತೊರೆಗಳು ಉಕ್ಕುತ್ತವೆ, ಬೆಳಿಗ್ಗೆಯೇ ದಾಟಿ. ಒದ್ದೆಯಾದ ಕಾಲುಚೀಲವನ್ನು ಕೂಡಲೇ ಬದಲಿಸಿ. ಹಿಮದಿಂದ ಪ್ರತಿಫಲಿಸುವ ಬಿಸಿಲು ಕಣ್ಣನ್ನು ಸುಡುತ್ತದೆ, ತಂಪು ಕನ್ನಡಕ ಮರೆಯಬೇಡಿ. ಮುಚ್ಚಿದ ಕೋಣೆ ಅಥವಾ ಡೇರೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ವಾಸನೆಯಿಲ್ಲದ ಇಂಗಾಲದ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಗುಂಪಿನ ಕರ್ತವ್ಯ

ಗುಂಪಿನಲ್ಲಿ ಹೋಗುವುದು ಕ್ಷೇಮವೆಂದು ಮನೆಯವರು ಸಮಾಧಾನಪಡುತ್ತಾರೆ. ಆದರೆ ಗುಂಪಿನಲ್ಲಿಯೇ ತಲೆನೋವು ಹೆಚ್ಚಾಗಿ ಮುಚ್ಚಿಹೋಗುತ್ತದೆ. ಹತ್ತು ಜನರ ರಜೆ, ಹೋಟೆಲಿನ ಮುಂಗಡ, ಗೇಲಿಯ ಭಯ ಇವೆಲ್ಲ ಸೇರಿ ಬಾಯಿ ಕಟ್ಟುತ್ತವೆ. ಆದ್ದರಿಂದ ಮನೆಯಿಂದ ಹೊರಡುವ ಮೊದಲೇ ಮೂರು ಮಾತು ಒಪ್ಪಿಕೊಳ್ಳಿ.

ಒಂದು, ಬೆಳಿಗ್ಗೆ, ರಾತ್ರಿ ಪ್ರತಿಯೊಬ್ಬರನ್ನೂ ತಲೆನೋವು, ಹಸಿವು, ಉಸಿರಿನ ಬಗ್ಗೆ ಕೇಳಬೇಕು. ಹಿಂಬದಿ ಸವಾರರನ್ನೂ ಬಿಡಬಾರದು. ಎರಡು, ಲಕ್ಷಣವಿರುವವರು ಅದು ಹೋಗುವವರೆಗೆ ಇನ್ನೂ ಎತ್ತರದಲ್ಲಿ ಮಲಗಬಾರದು. ಪ್ಯಾರಾಸಿಟಮಾಲ್‌ನಿಂದ ನೋವು ತಗ್ಗಬಹುದು, ಆದರೆ ಅದನ್ನು ನುಂಗಿ ಮೇಲಕ್ಕೆ ಏರುವುದು ಸಲ್ಲದು. ಮೂರು, ವಿಶ್ರಾಂತಿಯಿಂದ ಗುಣವಾಗದಿದ್ದರೆ, ಅಥವಾ ಏದುಸಿರು, ತೂರಾಟ ಕಂಡರೆ, ರಾತ್ರಿಯಾದರೂ ಕೆಳಗಿಳಿಸಬೇಕು. 300ರಿಂದ 1,000 ಮೀಟರ್ ಇಳಿದರೆ ಬಹುಪಾಲು ಸುಧಾರಣೆ ಕಾಣುತ್ತದೆ. ರೋಗಿ ಬೈಕು ಓಡಿಸಬಾರದು, ಹಿಂದೆ ಕೂರಲೂಬಾರದು. ಕಾರಿನಲ್ಲೋ ಲಾರಿಯಲ್ಲೋ, ಜೊತೆಗೊಬ್ಬರಿದ್ದು ಕರೆದೊಯ್ಯಬೇಕು. ‘ನೀನು ಇಲ್ಲೇ ಮಲಗಿರು, ಬರುವಾಗ ಕರೆದುಕೊಂಡು ಹೋಗುತ್ತೇವೆ’ ಎಂದು ಒಬ್ಬಂಟಿಯಾಗಿ ಬಿಟ್ಟುಹೋಗಬಾರದು.

ಬೈಕು ರಸ್ತೆಬದಿಯಲ್ಲಿ ಉಳಿದರೆ ನಾಳೆ ತರಬಹುದು. ಮುಂದಿನ ವಸಂತದಲ್ಲೂ ಆ ರಸ್ತೆ ತೆರೆಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಹಿರಿಯರ ಮಾತನ್ನು ಹಿಮಾಲಯದಲ್ಲಿ ಮರೆಯಬೇಡಿ. ಗುಂಪಿನಲ್ಲಿ ಯಾರಿಗೆ ಮೊದಲು ತಲೆನೋವು ಬರುತ್ತದೋ, ಅವರ ವೇಗವೇ ಇಡೀ ಗುಂಪಿನ ವೇಗವಾಗಲಿ.