ಬೀದರಿಗೆ ಬಂದ ರಷ್ಯದ ವರ್ತಕ

ಶೋಳಿಂಗನಲ್ಲೂರಿನಲ್ಲಿ ನೆಲೆಸಿರುವ ನಾವು ಪ್ರತಿವರ್ಷ ಯುಗಾದಿಗೆ ಮೊದಲೇ ಊರಿನಿಂದ ಕನ್ನಡ ಪಂಚಾಂಗ ತರಿಸಿಕೊಳ್ಳುತ್ತೇವೆ. ಪರಸ್ಥಳದಲ್ಲಿ ಹಬ್ಬದ ದಿನ ತಪ್ಪಿಹೋಗಬಾರದೆಂಬ ಕಾಳಜಿ ನಮ್ಮದು. ಸುಮಾರು ಐದೂವರೆ ಶತಮಾನಗಳ ಹಿಂದೆ, ನಮ್ಮ ಬೀದರಿನಲ್ಲಿ ಇದೇ ಚಿಂತೆಯಿಂದ ಪರಿತಪಿಸಿದ ರಷ್ಯದ ವರ್ತಕನೊಬ್ಬನಿದ್ದನು. ಅವನ ಹೆಸರು ಅಫನಾಸಿ ನಿಕಿತಿನ್.

ರಷ್ಯದ ಅರಸರ 'ತ್ಸಾರ್' ಎಂಬ ಬಿರುದು ರೋಮನರ 'ಸೀಸರ್' ಎಂಬ ಪದದಿಂದ ಬಂದುದು. 1547ರಲ್ಲಿ ನಾಲ್ಕನೆಯ ಇವಾನನು ವಿಧಿವತ್ತಾಗಿ ತ್ಸಾರ್ ಪಟ್ಟವನ್ನೇರಿದನು. ಅರಸೊತ್ತಿಗೆ 1917ರ ಕ್ರಾಂತಿಯವರೆಗೆ ನಡೆಯಿತು. ಆದರೆ ಆ ಪ್ರಭುತ್ವಕ್ಕೆ ಅಡಿಪಾಯ ಹಾಕಿದವನು ಅವನ ಅಜ್ಜ ಮೂರನೆಯ ಇವಾನ್ (1462–1505). ನೆರೆಯ ಸಂಸ್ಥಾನಗಳನ್ನು ಒಂದೊಂದಾಗಿ ಮಾಸ್ಕೋಗೆ ಸೇರಿಸಿಕೊಂಡು, 1480ರಲ್ಲಿ ತಾತಾರರ ಅಧೀನತೆಯನ್ನು ಕೊನೆಗಾಣಿಸಿದವನು ಅವನೇ. ನಿಕಿತಿನನ ಊರಾದ ತ್ವೇರ್ ಆಗಿನ್ನೂ ಸ್ವತಂತ್ರ ಸಂಸ್ಥಾನವಾಗಿತ್ತು.

ವೋಲ್ಗಾ ನದಿಯ ಮಾರ್ಗವಾಗಿ ವ್ಯಾಪಾರಕ್ಕೆ ಹೊರಟ ನಿಕಿತಿನನನ್ನು ಅಸ್ತ್ರಾಖಾನಿನ ಬಳಿ ತಾತಾರರು ಕೊಳ್ಳೆಹೊಡೆದರು. ಸರಕಿನೊಡನೆ ಧರ್ಮಗ್ರಂಥಗಳೂ ಹೋದವು. ಬರಿಗೈಯಲ್ಲಿ ಊರಿಗೆ ಮರಳಲು ಮನಸ್ಸಾಗದೆ ಅವನು ಪರ್ಷಿಯಾವನ್ನು ದಾಟಿ, ಹೋರ್ಮುಜ್‌ನಿಂದ ಹಡಗೇರಿ, 1470ರ ಸುಮಾರಿಗೆ ಕೊಂಕಣದ ಚೌಲ್ ಬಂದರಿಗೆ ಬಂದಿಳಿದನು. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು ಇದಾದ ಬಹುಕಾಲದ ಮೇಲೆ, 1498ರಲ್ಲಿ.

ನಿಕಿತಿನ್ ತಂದದ್ದು ಒಂದು ಕುದುರೆ. ದಖ್ಖನಿನ ಸೇನೆಗೆ ಕುದುರೆಗಳು ಸಮುದ್ರದಾಚೆಯಿಂದಲೇ ಬರಬೇಕಾಗಿದ್ದುದರಿಂದ ಅವಕ್ಕೆ ಒಳ್ಳೆಯ ಬೆಲೆಯಿತ್ತು. ಜುನ್ನಾರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಹಿಂದಿರುಗಿಸುವುದಾಗಿ ಹೇಳಿ ನಾಲ್ಕು ದಿನಗಳ ಗಡುವು ಕೊಟ್ಟನು. ಖೊರಾಸಾನಿನ ಗಣ್ಯನೊಬ್ಬನು ಮಧ್ಯಸ್ಥಿಕೆ ವಹಿಸಿ ನಿಕಿತಿನನನ್ನು ಪಾರುಮಾಡಿದನು. ಕೊನೆಗೆ ಬೀದರಿನಲ್ಲಿ ಆ ಕುದುರೆ ಮಾರಾಟವಾಯಿತು.

ಆಗ ಬೀದರ್ ಬಹಮನಿ ಸುಲ್ತಾನರ ರಾಜಧಾನಿ. ಮಹಮೂದ್ ಗವಾನ್ ಪ್ರಧಾನಮಂತ್ರಿ. ಸುಲ್ತಾನನ ಆನೆ-ಕುದುರೆಗಳ ಮೆರವಣಿಗೆಯನ್ನು ನಿಕಿತಿನ್ ಬೆರಗಿನಿಂದ ವರ್ಣಿಸಿದ್ದಾನೆ. ಶ್ರೀಮಂತರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುತ್ತಾರೆ, ಹಳ್ಳಿಗರು ಕಡುಬಡವರು ಎಂಬುದನ್ನೂ ಮರೆಯದೆ ಬರೆದಿದ್ದಾನೆ. ತಾನು ಕ್ರೈಸ್ತನೆಂದು ತಿಳಿಸಿದ ಮೇಲೆ ಇಲ್ಲಿಯ ಹಿಂದೂಗಳು ತಮ್ಮ ಊಟ, ಪೂಜೆ ಯಾವುದನ್ನೂ ಮುಚ್ಚಿಡಲಿಲ್ಲವಂತೆ. ಅವರೊಡನೆಯೇ ಅವನು ಶಿವರಾತ್ರಿಯ ಜಾತ್ರೆಗೆ ಶ್ರೀಪರ್ವತಕ್ಕೂ ಹೋಗಿಬಂದನು.

ಆದರೆ ಗ್ರಂಥಗಳಿಲ್ಲದೆ ಈಸ್ಟರ್ ಹಬ್ಬ ಎಂದು ಬರುವುದೆಂಬುದೇ ಅವನಿಗೆ ತಿಳಿಯದಾಯಿತು. ಅಂದಾಜಿನ ಮೇಲೆ ಉಪವಾಸ ಹಿಡಿದನು. ಅವನ ಬರವಣಿಗೆಯ ನಡುನಡುವೆ ತುರ್ಕಿ, ಪಾರಸಿ ಮಾತುಗಳೂ ಬೆರೆತವು; ಪ್ರಾರ್ಥನೆಗಳೂ ಆ ಮಿಶ್ರಭಾಷೆಯಲ್ಲಿಯೇ ಬಂದವು. ಪರದೇಶದಲ್ಲಿ ದೀರ್ಘಕಾಲ ಬಾಳುವವನ ಸಂಕಟ ಅಲ್ಲಿ ಎದ್ದುಕಾಣುತ್ತದೆ.

ಮರಳುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ತಲುಪುವ ಮುನ್ನವೇ ನಿಕಿತಿನ್ ತೀರಿಕೊಂಡನು. ಅವನ 'ಮೂರು ಸಮುದ್ರಗಳಾಚೆಯ ಪಯಣ'ದ ಹಸ್ತಪ್ರತಿ 1475ರಲ್ಲಿ ಮೂರನೆಯ ಇವಾನನ ಅಧಿಕಾರಿಯೊಬ್ಬನ ಕೈಸೇರಿತು. ಹತ್ತು ವರ್ಷಗಳ ನಂತರ, 1485ರಲ್ಲಿ, ತ್ವೇರ್ ಸಂಸ್ಥಾನವೂ ಮಾಸ್ಕೋದ ವಶವಾಯಿತು. ಅವನು ಬಿಟ್ಟುಹೊರಟ ರಾಜ್ಯ ಅಳಿಯಿತು. ಅವನು ಕಂಡ ಬೀದರ್ ಮಾತ್ರ ರಷ್ಯದ ಚರಿತ್ರೆಯ ಪುಟಗಳಲ್ಲಿ ಉಳಿಯಿತು.

1472ರಲ್ಲಿ ಪೂರ್ಣಗೊಂಡ ಗವಾನನ ಮದರಸಾ ಬೀದರಿನಲ್ಲಿ ಇಂದಿಗೂ ನಿಂತಿದೆ. ಅತ್ತ ಹೋದಾಗ, ಹಬ್ಬದ ದಿನವನ್ನು ಬೆರಳೆಣಿಸಿ ಹುಡುಕುತ್ತಿದ್ದ ಆ ದೂರದ ಅತಿಥಿಯನ್ನೂ ನಾವು ಒಮ್ಮೆ ನೆನೆಯೋಣ.