ಮನಸ್ಸಿನ ನಕಾಶೆಯೂ ವಿದ್ಯಾಪೀಠದ ಬಾಳೂ

ಪಟ್ಟಣದಲ್ಲಿ ನಡೆದಾಡುವವನ ಮನಸ್ಸಿನಲ್ಲಿ ಅದರದೊಂದು ನಕಾಶೆ ತಾನಾಗಿಯೇ ಮೂಡುತ್ತದೆ. ಭೂಗೋಲ ಪುಸ್ತಕದ ನಕಾಶೆಯಲ್ಲಿರುವುದು ಅಳತೆ, ಇದರಲ್ಲಿರುವುದು ಪರಿಚಯ. ಬಲ್ಲ ಓಣಿ ಇಲ್ಲಿ ದೊಡ್ಡದು; ಅರಿಯದ ಪೇಟೆ ಇಲ್ಲವೇ ಇಲ್ಲ. ಅಮೇರಿಕೆಯ ಮನಶ್ಶಾಸ್ತ್ರಜ್ಞ ಟೋಲ್‌ಮನ್ನರು 1948ರಲ್ಲಿ ಈ ವಿಚಾರವನ್ನು ಪ್ರತಿಪಾದಿಸಿದರು. 1960ರಲ್ಲಿ ಕೆವಿನ್ ಲಿಂಚರು ಬಾಸ್ಟನ್ ಮೊದಲಾದ ಮೂರು ನಗರಗಳ ಜನರನ್ನು ವಿಚಾರಿಸಿ, ಇಂಥ ನಕಾಶೆಗೆ ದಾರಿ, ಅಂಚು, ವಿಭಾಗ, ಕೂಡುಸ್ಥಳ, ಹೆಗ್ಗುರುತು ಎಂಬ ಐದು ಅಂಗಗಳನ್ನು ಗುರುತಿಸಿದರು.

ಇವನ್ನು ನಮ್ಮಲ್ಲಿಯೇ ಕಾಣಬಹುದು. ಉಮರ್ಗಾದ ಹುಡುಗನಿಗೆ ಸೊಲ್ಲಾಪುರ-ಹೈದರಾಬಾದ ಹೆದ್ದಾರಿಯೇ ದಾರಿ. ಉದಗೀರದವನಿಗೆ ಕೋಟೆ, ನಿಲಂಗಾದವನಿಗೆ ನೀಲಕಂಠೇಶ್ವರ ಗುಡಿ ಹೆಗ್ಗುರುತುಗಳು.

ಆಡಳಿತದ ನಕಾಶೆಯಾದರೋ ಬೇರೆ. 1956ರ ತನಕ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾಗಳು ಇಂದು ಲಾತೂರ ಜಿಲ್ಲೆಯಲ್ಲಿವೆ. ಅಲ್ಲಿಯ ಕಾಲೇಜುಗಳಿಗೆ 1994ರಲ್ಲಿ ಸ್ಥಾಪಿತವಾದ ನಾಂದೇಡದ ವಿದ್ಯಾಪೀಠ. ಧಾರಾಶಿವ ಜಿಲ್ಲೆಯ ಉಮರ್ಗಾಕ್ಕೆ 1958ರ ಮರಾಠವಾಡಾ ವಿದ್ಯಾಪೀಠ. ಕನ್ನಡದಲ್ಲಿ ಓದು ಮುಂದುವರಿಸಬೇಕೆನ್ನುವವರು ಗಡಿ ದಾಟಿ, 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಹೋಗುವುದುಂಟು.

ಅಲ್ಲಿಗೆ ಹೋದ ಹೊಸಬನನ್ನು ಗಮನಿಸೋಣ. ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವು ಹಳೆಯ ಊರಿನಿಂದ ದೂರ. ಅವನ ಮೊದಲ ನಕಾಶೆ ಒಂದೇ ಎಳೆ: ವಸತಿಗೃಹ, ತರಗತಿ, ಬಸ್ ನಿಲ್ದಾಣ. ಕ್ರಮೇಣ ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ, ಬಂದೇನವಾಜರ ದರ್ಗಾ, ಕೋಟೆಗಳು ಅದರಲ್ಲಿ ಸೇರಿ, ಎಳೆಯು ಬಲೆಯಾಗುತ್ತದೆ. ಪುಸ್ತಕದಂಗಡಿ, ದವಾಖಾನೆ, ಗೆಳೆಯನ ಕೋಣೆ ಎಲ್ಲಿವೆಯೆಂದು ಬಲ್ಲವನು ಕಷ್ಟ ಬಂದಾಗ ದಿಕ್ಕುಗೆಡುವುದಿಲ್ಲ. ಎಳೆಯಲ್ಲಿಯೇ ಉಳಿದವನು ದಾರಿ ಕೇಳಲು ನಾಚಿ, ಕೋಣೆ ಸೇರಿ, ರಜೆಗೆ ಊರಿಗೆ ಬಂದವನು ಮರಳಿ ಹೋಗದಿರಬಹುದು. ನಾವೋ ಅವನ ಬುದ್ಧಿಯನ್ನೇ ದೂರುತ್ತೇವೆ.

ಆದರೆ ನಕಾಶೆಯೊಂದೇ ಕಾರಣವೆನ್ನುವುದು ಸಲ್ಲದು. ಹೊಂದಿಕೊಂಡವನು ಹೆಚ್ಚು ತಿರುಗುತ್ತಾನೆ; ತಿರುಗಿದವನು ಹೆಚ್ಚು ಹೊಂದಿಕೊಳ್ಳುತ್ತಾನೆ. ಹಣದ ಕೊರತೆ, ಫಲಕಗಳ ಲಿಪಿ, ಸಂಜೆಯ ನಂತರ ಹೊರಗೆ ಹೋಗಬಾರದೆಂಬ ಕಟ್ಟುಪಾಡು ಇವೂ ನಕಾಶೆಯನ್ನು ಕಿರಿದುಗೊಳಿಸುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೊನೆಯ ಮಾತನ್ನು ವಿಶೇಷವಾಗಿ ನೆನೆಯಬೇಕು.

ಉಪಾಧ್ಯಾಯರಾದ ನಾವು ಮಾಡತಕ್ಕದ್ದು ಕಠಿಣವಲ್ಲ. ಹತ್ತನೆಯ ಇಯತ್ತೆಯ ಮಕ್ಕಳಿಂದ ತಮ್ಮ ಊರಿನ ನಕಾಶೆಯನ್ನು ನೆನಪಿನಿಂದ ಬರೆಯಿಸೋಣ. ಅದಕ್ಕೆ ಗುಣ ಕೊಡುವುದು ಬೇಡ. ಯಾವ ಭಾಗ ಬರಿದಾಗಿ ಉಳಿಯಿತೆಂದು ಕೇಳಿ, ಅಲ್ಲಿಗೆ ಕರೆದೊಯ್ಯೋಣ. ಸಾಧ್ಯವಾದರೆ ಅವರು ಸೇರಲಿರುವ ನಗರವನ್ನೂ ಒಂದು ದಿನ ಕಾಲ್ನಡಿಗೆಯಲ್ಲಿ ತೋರಿಸೋಣ. ಹಿಂದೆ ಹೋದ ವಿದ್ಯಾರ್ಥಿಯೇ ದಾರಿ ತೋರಿದರೆ ಮತ್ತೂ ಒಳಿತು; ಏಕೆಂದರೆ ಪರವೂರಿನ ನಕಾಶೆಯಲ್ಲಿ ಮೊದಲು ಬೇಕಾದ ಹೆಗ್ಗುರುತು ಒಬ್ಬ ಪರಿಚಿತ ಮನುಷ್ಯ.