ಸೈನಿಕರು ಮಲಗಿದ ಎಲೆ, ಪೈನ್ ಮರದ ಹೊಗೆ

ತುಮಕೂರಿನ ಬಟವಾಡಿಯ ಹೆದ್ದಾರಿ ಬದಿಯ ಅಂಗಡಿಯಲ್ಲಿ ಯಾರಾದರೂ ‘ಟೀ ಹೊಗೆ ವಾಸ್ನೆ ಬರ್ತಿದೆಯಲ್ಲಪ್ಪ’ ಅಂದರೆ ಅಂಗಡಿಯವನು ಅದನ್ನು ಚೆಲ್ಲಿ ಬೇರೆ ಕೊಟ್ಟಾನು. ಹಾಲಿಗೆ ಹೊಗೆ ಹತ್ತುವುದು ನಮ್ಮಲ್ಲಿ ದೋಷ. ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಸಾಲಿನ ಟೊಂಗ್‌ಮು ಹಳ್ಳಿಯಲ್ಲಿ ಮಾತ್ರ ಹೊಗೆಯೇ ಬೆಲೆ ತರುತ್ತದೆ. ಅಲ್ಲಿನ ಲ್ಯಾಪ್‌ಸಾಂಗ್ ಸೂಚಾಂಗ್ ಎಂಬ ಕಪ್ಪು ಚಹಾ ಜಗತ್ತಿಗೆ ಗೊತ್ತಾಗಿರುವುದೇ ಆ ಘಾಟಿನಿಂದ.

ಅದರ ಹುಟ್ಟಿಗೊಂದು ಕಥೆಯಿದೆ. 17ನೇ ಶತಮಾನದ ನಡುಭಾಗ. ಮಿಂಗ್ ವಂಶ ಅಳಿದು ಚಿಂಗ್ ವಂಶ ಮೇಲೇಳುತ್ತಿದ್ದ ಕಾಲ. ಹಳ್ಳಿಗೆ ನುಗ್ಗಿದ ಸೈನಿಕರು ಕೊಯ್ದು ಹರಡಿದ್ದ ಚಹಾ ಎಲೆಯ ಮೇಲೆಯೇ ಮಲಗಿದರಂತೆ. ಅವರು ಹೊರಟುಹೋದ ಮೇಲೆ ನೋಡಿದರೆ ಎಲೆ ಕಪ್ಪಿಟ್ಟು ಅಂಟಂಟಾಗಿತ್ತು. ಬೆಳೆ ಹಾಳಾಗದಿರಲೆಂದು ಊರವರು ಪೈನ್ ಸೌದೆ ಹೊತ್ತಿಸಿ ಅವಸರದಲ್ಲಿ ಒಣಗಿಸಿದರು. ಡಚ್ಚರು ಅದನ್ನು ಕೊಂಡುಹೋಗಿ, ಮರುವರ್ಷ ಅಂಥದ್ದೇ ಬೇಕೆಂದು ಬಂದರಂತೆ. ಇದನ್ನು ಇತಿಹಾಸವೆಂದು ನಂಬಬೇಕಿಲ್ಲ. ಆದರೆ ಕಥೆಯೊಳಗಿನ ರಸಾಯನಶಾಸ್ತ್ರ ಗಟ್ಟಿ. ನನ್ನ ತಕರಾರು ಒಂದೇ: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕ್ರಿಯೆಗಳಿಗೆ ಅದು ಗಂಟು ಹಾಕಿಬಿಟ್ಟಿದೆ.

ಮೊದಲನೆಯದು ಎಲೆ ಕಪ್ಪಾಗುವುದು. ಚಹಾ ಎಲೆಯ ಜೀವಕೋಶದಲ್ಲಿ ಕ್ಯಾಟೆಚಿನ್ ಎಂಬ ಒಗರು ವಸ್ತುಗಳು ಒಂದು ಕಡೆ, ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಎಲೆ ಜಜ್ಜಿದರೆ ಗೋಡೆ ಒಡೆದು ಎರಡೂ ಬೆರೆಯುತ್ತವೆ, ಗಾಳಿಯ ಆಮ್ಲಜನಕವೂ ಸೇರುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಹೀಗೆಯೇ. ಚಹಾದಲ್ಲಿ ಇದರಿಂದ ಹುಟ್ಟುವ ಥಿಯಾಫ್ಲೇವಿನ್ ಹೊಂಬಣ್ಣವನ್ನೂ ಚುರುಕನ್ನೂ ಕೊಟ್ಟರೆ, ಥಿಯಾರುಬಿಜಿನ್ ಕೆಂಪುಗಂದು ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಕೊಯ್ದ ಕೂಡಲೇ ಬಿಸಿ ಮಾಡಿದರೆ ಕಿಣ್ವ ಸತ್ತು ಎಲೆ ಹಸಿರಾಗಿಯೇ ಉಳಿಯುತ್ತದೆ. ಹಸಿರು ಚಹಾ, ಕಪ್ಪು ಚಹಾ ಎರಡೂ ಒಂದೇ ಗಿಡದ್ದು. ಯುರೋಪಿನವರು ಬಹುಕಾಲ ಎರಡು ಗಿಡವೆಂದೇ ತಿಳಿದಿದ್ದರು. ಆ ತಪ್ಪನ್ನು ತಿದ್ದಿದವನು 1840ರ ದಶಕದಲ್ಲಿ ಚೀನಾ ಸುತ್ತಿದ ರಾಬರ್ಟ್ ಫಾರ್ಚ್ಯೂನ್.

ಸೈನಿಕರ ಮೈಭಾರ ಮಾಡಿದ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಸಿಟಿಸಿ ಯಂತ್ರದಲ್ಲಿ ಹಲ್ಲುಗಳುಳ್ಳ ಎರಡು ರೋಲರ್‌ಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುತ್ತವೆ. ಕೋಶಗಳು ಹೆಚ್ಚು ಒಡೆದಷ್ಟೂ ಕ್ರಿಯೆ ಬೇಗ ಮುಗಿಯುತ್ತದೆ, ಡಿಕಾಕ್ಷನ್ನೂ ಬೇಗ ಇಳಿಯುತ್ತದೆ. ಬಟವಾಡಿಯ ಪಾತ್ರೆಯಲ್ಲಿ ಕುದಿಯುವ ಡಸ್ಟ್ ಟೀ ಈ ಜಾತಿಯದ್ದು. ಡಸ್ಟ್ ಟೀಯ ಒಗರನ್ನು ಹಾಲಿನ ಕೇಸೀನ್ ಪ್ರೋಟೀನು ಕಟ್ಟಿಹಾಕುತ್ತದೆ. ಲ್ಯಾಪ್‌ಸಾಂಗ್‌ಗೆ ಹಾಲು ಹಾಕಿದರೆ ಅದರ ಸೂಕ್ಷ್ಮವೆಲ್ಲ ಮುಳುಗಿಹೋಗುತ್ತದೆ ಅನ್ನುವುದು ನನ್ನ ನಾಲಿಗೆಯ ತೀರ್ಪು.

ಎರಡನೆಯ ಕ್ರಿಯೆ ಹೊಗೆಯದು; ಇದರಲ್ಲಿ ಎಲೆಯ ಪಾತ್ರ ಬರಿಯ ಹೀರುವುದು. ಟೊಂಗ್‌ಮುವಿನಲ್ಲಿ ಮರದ ಮಹಡಿಮನೆ ಕಟ್ಟಿ, ಕೆಳಗೆ ಪೈನ್ ಸೌದೆ ಉರಿಸಿ, ಮೇಲಿನ ಅಟ್ಟಗಳಲ್ಲಿ ಎಲೆ ಬಾಡಿಸುತ್ತಾರೆ. ಮರದ ಲಿಗ್ನಿನ್ ಕಾವಿಗೆ ಒಡೆದು ಗ್ವಾಯಕಾಲ್‌ನಂಥ ಅಣುಗಳಾಗುತ್ತದೆ. ಕಾಫಿ ಬೀಜ ಹುರಿದಾಗ ಹೊಮ್ಮುವ ಪರಿಮಳದಲ್ಲೂ ಇದೇ ಗ್ವಾಯಕಾಲ್ ಇದೆ. ಪೈನ್ ರಾಳದಿಂದ ಲಾಂಗಿಫೋಲೀನ್, ಆಲ್ಫಾ ಟರ್ಪಿನಿಯಾಲ್ ಬಂದು ಕೂರುತ್ತವೆ. ಬಾಯಿಗೆ ಮೊದಲು ಘಾಟು, ಹಿಂದೆಯೇ ಒಣಹಣ್ಣಿನ ಸಿಹಿ. ಚೀನೀಯರು ಅದನ್ನು ಲೊಂಗನ್ ಹಣ್ಣಿಗೆ ಹೋಲಿಸುತ್ತಾರೆ.

ಹೊಗೆಗೆ ಈಗ ಕಷ್ಟಕಾಲ. ಹೊಗೆಯ ಜೊತೆ ಎಲೆಗೆ ಆಂಥ್ರಾಕ್ವಿನೋನ್ ಎಂಬ ಬೇಡದ ರಾಸಾಯನಿಕ ಕೂಡ ಸೇರಬಹುದು; ಯುರೋಪ್ ಒಕ್ಕೂಟ ಅದಕ್ಕೆ ಹಾಕಿದ ಮಿತಿ ಕಿಲೋ ಚಹಾಕ್ಕೆ 0.02 ಮಿಲಿಗ್ರಾಂ. ಇತ್ತ ಟೊಂಗ್‌ಮುವಿನಲ್ಲೇ 2005ರಲ್ಲಿ ಬರಿಯ ಮೊಗ್ಗುಗಳಿಂದ, ಹೊಗೆ ಸೋಕಿಸದೆ ಜಿನ್ ಜುನ್ ಮೇಯ್ ಎಂಬ ಕಪ್ಪು ಚಹಾ ಮಾಡಿದರು. ಲ್ಯಾಪ್‌ಸಾಂಗ್‌ಗಿಂತ ಎಷ್ಟೋ ಪಟ್ಟು ದುಬಾರಿಯಾಗಿ ಅದು ಮಾರಾಟವಾಗುತ್ತಿದೆ.